ಕಡಲ ವಿಜ್ಞಾನಿಯ ಬೆಲೆ ಎಷ್ಟು?

ವಿಜ್ಞಾನಿಯೊಬ್ಬನ ಬರಹವನ್ನು ಲೋಕದ ಪಂಡಿತರು ಎಷ್ಟು ಬಾರಿ ನೆನೆದರು ಎಂದು ಎಣಿಸಿ ಅವನ ಯೋಗ್ಯತೆಯನ್ನು ಅಳೆಯುವ ಪದ್ಧತಿಯೊಂದು ಇಂದು ವಿದ್ಯಾಲೋಕವನ್ನು ಆಳುತ್ತಿದೆ. ಈ ಎಣಿಕೆ ಹುಟ್ಟಿದ್ದು ಹೇಗೆ? ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ? ಮಂಗಳೂರಿನ ವಿಜ್ಞಾನಿ ದಂಪತಿಗಳ ಶೋಧದ ಕಥೆಯಲ್ಲಿ ಇದಕ್ಕೆ ಉತ್ತರವಿದೆ.

ಮರುವಾಯಿಯಲ್ಲಿ ಅಡಗಿದ ವಿಷ

ಕಡಲಿನ ನೀರು ಇಳಿದ ಹೊತ್ತಿನಲ್ಲಿ ಅಳಿವೆಯ ಮರಳನ್ನು ಕೆದಕಿ ಮರುವಾಯಿ ಹೆಕ್ಕುವುದು ಕರಾವಳಿಯ ಬಡವರಿಗೆ ತಲೆತಲಾಂತರದಿಂದ ಬಂದ ರೂಢಿ. ಬಲೆ ಬೇಡ, ದೋಣಿ ಬೇಡ, ಕೈಯಲ್ಲಿ ಕಾಸೂ ಬೇಡ. ಒಂದು ಬುಟ್ಟಿಯಿದ್ದರೆ ಸಂಜೆಯ ಸಾರಿಗೆ ಆಯಿತು. ತೆಂಗಿನಕಾಯಿ ಅರೆದು ಹಾಕಿ ಮಾಡಿದ ಮರುವಾಯಿಯ ಪಲ್ಯಕ್ಕೆ ಅಲ್ಲಿ ಉಳ್ಳವರ ಮನೆಯಲ್ಲೂ ಮರ್ಯಾದೆಯುಂಟು.

1983ರಲ್ಲಿ, ಇಂದು ಕಾಸರಗೋಡು ಜಿಲ್ಲೆಗೆ ಸೇರಿರುವ ಕುಂಬಳೆಯ ಅಳಿವೆಯಲ್ಲಿ ಬೆಳೆದ ಮರುವಾಯಿಯನ್ನು ತಿಂದ ಕೆಲವರು ಆಸ್ಪತ್ರೆ ಸೇರಿದರು. ಒಬ್ಬ ಬಾಲಕ ಮೃತನಾದನು.

ಹಳಸಿದ ಮೀನಿನಿಂದ ವಾಂತಿ ಭೇದಿಗಳಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇದು ಆ ಬಗೆಯದಲ್ಲ. ಈ ವಿಷ ಏರಿದವರಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ. ಅನಂತರ ನಾಲಗೆ, ಮುಖ, ಬೆರಳಿನ ತುದಿ. ಮಾತು ತೊದಲುತ್ತದೆ, ಕಾಲು ಸೋಲುತ್ತದೆ. ವಿಷ ಹೆಚ್ಚಾಗಿದ್ದರೆ ಉಸಿರಾಟದ ಸ್ನಾಯುಗಳೇ ನಿಶ್ಚಲವಾಗಿ, ಅರಿವು ಇರುವಾಗಲೇ ಉಸಿರು ನಿಲ್ಲುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ವಿಷ ಇಳಿಯುವ ತನಕ ಯಂತ್ರದ ಸಹಾಯದಿಂದ ಉಸಿರಾಡಿಸುವುದೊಂದೇ ದಾರಿ. ಎಷ್ಟು ಬೇಯಿಸಿದರೂ ಈ ವಿಷ ಸಾಯುವುದಿಲ್ಲ. ಆದುದರಿಂದ ಗೃಹಿಣಿಯ ಎಚ್ಚರಿಕೆ ಇಲ್ಲಿ ಏನೂ ಮಾಡಲಾರದು.

ಮರುವಾಯಿಗೆ ತನ್ನದೆಂಬ ವಿಷವಿಲ್ಲ. ಅದು ನೀರನ್ನು ಸೋಸಿ, ಅದರಲ್ಲಿ ತೇಲುವ ಕಣ್ಣಿಗೆ ಕಾಣದ ಜೀವಿಗಳನ್ನು ತಿಂದು ಬದುಕುವ ಪ್ರಾಣಿ. ಆ ಏಕಕೋಶ ಜೀವಿಗಳಲ್ಲಿ ಕೆಲವು ಜಾತಿಗಳು ಸ್ಯಾಕ್ಸಿಟಾಕ್ಸಿನ್ ಮೊದಲಾದ ನರವಿಷಗಳನ್ನು ಹುಟ್ಟಿಸುತ್ತವೆ. ನೀರಿನಲ್ಲಿ ಅವು ವಿಪರೀತವಾಗಿ ಹೆಚ್ಚಿದಾಗ ಚಿಪ್ಪಿನೊಳಗೆ ವಿಷ ಸಂಗ್ರಹವಾಗುತ್ತದೆ. ಮರುವಾಯಿಗೆ ಅದರಿಂದ ಬಾಧೆಯಿಲ್ಲ. ನೋಟ, ವಾಸನೆ, ರುಚಿ ಯಾವುದರಲ್ಲೂ ವ್ಯತ್ಯಾಸವಿಲ್ಲ. ನೂರು ಗ್ರಾಂ ಮಾಂಸದಲ್ಲಿ 80 ಮೈಕ್ರೊಗ್ರಾಂ ವಿಷವನ್ನು ಮೀರಿದರೆ ಅದು ಮಾರಾಟಕ್ಕೆ ತಕ್ಕುದಲ್ಲವೆಂದು ಹಲವು ದೇಶಗಳ ಕಾನೂನು ಹೇಳುತ್ತದೆ. ಒಂದು ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು!

ಮೂರು ಪುಟಗಳ ಲೇಖನ

ಕುಂಬಳೆಯ ಆ ಸಾವಿನ ಕಾರಣವನ್ನು ವಿದ್ಯಾಲೋಕದ ಮುಂದಿಟ್ಟವರು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಸಂಶೋಧಕರು. 1969ರಲ್ಲಿ ಆರಂಭವಾದ ಆ ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಅಭ್ಯಾಸದಲ್ಲಿ ತೊಡಗಿದ್ದ ಡಾ. ಇಡ್ಯಾ ಕರುಣಾಸಾಗರ್, ಅವರ ಪತ್ನಿ ಡಾ. ಇಂದ್ರಾಣಿ ಕರುಣಾಸಾಗರ್ ಮತ್ತು ಸಹೋದ್ಯೋಗಿಗಳು, ಒಟ್ಟು ಐವರು ಸೇರಿ ಬರೆದ ವರದಿ 1984ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1932ರಿಂದ ಬೆಂಗಳೂರಿನಿಂದ ಹೊರಡುತ್ತಿರುವ ಪತ್ರಿಕೆ ಅದು. ವರದಿ ಮೂರೇ ಪುಟ.

1981ರಲ್ಲಿ ತಮಿಳುನಾಡಿನಲ್ಲಿ ಇದೇ ಬಗೆಯ ವಿಷಕ್ಕೆ ಮೂವರು ಬಲಿಯಾಗಿದ್ದರು. ಎರಡು ವರ್ಷದೊಳಗೆ ಪಶ್ಚಿಮದ ಕಡಲಲ್ಲೂ ಅದು ತಲೆದೋರಿತೆಂಬುದಕ್ಕೆ ಮಂಗಳೂರಿನ ಬರಹ ಸಾಕ್ಷಿಯಾಯಿತು. 1997ರಲ್ಲಿ ಕೇರಳದ ವಿಳಿಂಞದಲ್ಲಿ ಚಿಪ್ಪುಮೀನು ತಿಂದು ಏಳು ಮಂದಿ ಸತ್ತು, ಸುಮಾರು ಐನೂರು ಜನ ಆಸ್ಪತ್ರೆ ಸೇರಿದಾಗ, ವೈದ್ಯರೂ ವಿಜ್ಞಾನಿಗಳೂ ಹಿಂದೆ ಇಂಥದು ನಡೆದಿತ್ತೇ ಎಂದು ಹುಡುಕಿದರೆ ಕೈಗೆ ಸಿಗುವ ಬರಹಗಳಲ್ಲಿ ಆ ಮೂರು ಪುಟವೂ ಒಂದು. 1998ರಲ್ಲಿ ವಿಳಿಂಞದ ಘಟನೆಯನ್ನು ಕುರಿತು ಬರೆದವರಲ್ಲಿ ಕರುಣಾಸಾಗರ್ ದಂಪತಿಗಳೂ ಇದ್ದರು. ಅಂದಿನಿಂದ ಭಾರತದ ಕಡಲಿನಲ್ಲಿ ವಿಷಪಾಚಿಗಳನ್ನು ಕುರಿತು ಬರೆಯುವವರು ಮಂಗಳೂರಿನ 1984ರ ವರದಿಯನ್ನು ಹೆಸರಿಸುತ್ತಲೇ ಬಂದಿದ್ದಾರೆ.

ಹೀಗೆ ಒಬ್ಬರ ಬರಹವನ್ನು ಇನ್ನೊಬ್ಬರು ತಮ್ಮ ಬರಹದಲ್ಲಿ ಹೆಸರಿಸುವುದಕ್ಕೆ ಉಲ್ಲೇಖವೆಂದು ಹೆಸರು. ಇದರ ಮೂಲ ಅರ್ಥ ಬಹಳ ಸರಳ. ‘ಈ ಮಾತು ನನ್ನದಲ್ಲ, ಇಂಥವರಿಂದ ಪಡೆದದ್ದು, ಸಂಶಯವಿದ್ದರೆ ಅಲ್ಲಿಗೆ ಹೋಗಿ ನೋಡಿ’ ಎಂದು ಹೇಳುವುದು. ಅಂಗಡಿಯ ಖಾತೆ ಪುಸ್ತಕದಲ್ಲಿ ಕಡದ ಲೆಕ್ಕ ಬರೆದಿಡುವಂತೆ, ಇದು ವಿದ್ಯೆಯ ಋಣದ ಲೆಕ್ಕ.

ಕನ್ನಡಕ್ಕೆ ಈ ಸಂಪ್ರದಾಯ ಹೊಸತಲ್ಲ. ಹಳೆಯ ಕವಿಗಳು ಕಾವ್ಯದ ಆರಂಭದಲ್ಲಿಯೇ ಪೂರ್ವಕವಿಗಳನ್ನು ಸ್ಮರಿಸಿ ಮುಂದುವರಿಯುತ್ತಿದ್ದರು. ‘ಕವಿರಾಜಮಾರ್ಗ’ವು ತನಗಿಂತ ಹಿಂದಿನ ಬರಹಗಾರರನ್ನು ಹೆಸರಿಸದಿದ್ದರೆ ಅವರಲ್ಲಿ ಹಲವರು ಇದ್ದರೆಂಬುದೇ ತಿಳಿಯುತ್ತಿರಲಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ ಇಡಿಯಾಗಿ ಉಳಿದು ಬಂದಿಲ್ಲ. ಇತರರು ಎತ್ತಿ ಉದಾಹರಿಸಿದ ಪದ್ಯಗಳಿಂದಲೇ ಅದರ ಪರಿಚಯ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣಕ್ಕೆ ಲಕ್ಷ್ಯಗಳನ್ನು ಆರಿಸಿಕೊಂಡದ್ದೂ ಹಿಂದಿನ ಕವಿಗಳಿಂದಲೇ. ಗ್ರಂಥ ಅಳಿದರೂ ಉಲ್ಲೇಖ ಅದನ್ನು ಉಳಿಸಬಲ್ಲುದು.

ಋಣವನ್ನು ಎಣಿಸಿದವರು

ಸ್ಮರಣೆ ಎಣಿಕೆಯಾದದ್ದು ಇತ್ತೀಚೆಗೆ. ಮೊದಲ ದಾರಿ ತೋರಿದವರು ವಿಜ್ಞಾನಿಗಳಲ್ಲ, ವಕೀಲರು. ಹಳೆಯ ತೀರ್ಪೊಂದನ್ನು ಆಧಾರವಾಗಿ ಹಿಡಿಯುವ ಮುನ್ನ, ಮುಂದಿನ ನ್ಯಾಯಾಧೀಶರು ಅದನ್ನು ಎತ್ತಿಹಿಡಿದರೋ ತಳ್ಳಿಹಾಕಿದರೋ ಎಂದು ವಕೀಲನಿಗೆ ತಿಳಿಯಬೇಕು. ಅದಕ್ಕಾಗಿ ಅಮೆರಿಕದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ 1873ರಲ್ಲಿ ತೀರ್ಪುಗಳ ಉಲ್ಲೇಖ ಸೂಚಿಯನ್ನು ಹೊರಡಿಸಿದನು. ಅದೇ ಉಪಾಯವನ್ನು ವಿಜ್ಞಾನಕ್ಕೆ ತಂದವನು ಯೂಜೀನ್ ಗಾರ್ಫೀಲ್ಡ್. 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತನ್ನ ಯೋಜನೆಯನ್ನು ವಿವರಿಸಿ, 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿಯನ್ನು ಮಾರುಕಟ್ಟೆಗೆ ತಂದನು.

ಗಾರ್ಫೀಲ್ಡನ ಮೂಲೋದ್ದೇಶ ಯಾರಿಗೂ ಅಂಕ ಕೊಡುವುದಾಗಿರಲಿಲ್ಲ. ಒಂದು ಲೇಖನವನ್ನು ಓದಿದವನಿಗೆ ಅದು ಯಾವುದರಿಂದ ಹುಟ್ಟಿತೆಂಬುದು ಅಡಿಟಿಪ್ಪಣಿಯಿಂದ ತಿಳಿಯುತ್ತದೆ. ಆದರೆ ಅದರಿಂದ ಏನು ಹುಟ್ಟಿತೆಂಬುದು ತಿಳಿಯುವುದಿಲ್ಲ. ತಾತ ಮುತ್ತಾತಂದಿರ ಹೆಸರು ಗೊತ್ತು, ಮೊಮ್ಮಕ್ಕಳು ಯಾರೆಂದು ಗೊತ್ತಿಲ್ಲ ಎಂಬಂತೆ. ಸೂಚಿ ಈ ವಂಶವೃಕ್ಷದ ಕೆಳಗಿನ ಕೊಂಬೆಗಳನ್ನು ತೋರಿಸಿತು. ತೋರಿಸಿದ ಮೇಲೆ ಎಣಿಸದೆ ಇರುವುದು ಮನುಷ್ಯಸ್ವಭಾವಕ್ಕೆ ಒಗ್ಗದ ಮಾತು!

ಕತ್ತಲಲ್ಲಿ ಹೊಳೆಯುವ ಸಾವು

ಎಣಿಕೆಯ ಹಿಂದೆ ಎಂಥ ಕೆಲಸ ಇರಬಲ್ಲುದೆಂದು ತಿಳಿಯಲು ಮತ್ತೆ ಮಂಗಳೂರಿಗೆ ಬರಬೇಕು.

1990ರ ದಶಕದಲ್ಲಿ ಭಾರತದ ಕರಾವಳಿಯಲ್ಲಿ ಸೀಗಡಿಯ ಬೇಸಾಯ ಭರದಿಂದ ಹಬ್ಬಿತು. ಹುಲಿಪಟ್ಟೆಯಂತಹ ಗೆರೆಗಳುಳ್ಳ ದೊಡ್ಡ ಸೀಗಡಿಗೆ ಪರದೇಶದಲ್ಲಿ ಒಳ್ಳೆಯ ಬೆಲೆ. ತೊಟ್ಟಿಗಳಲ್ಲಿ ಮೊಟ್ಟೆಯೊಡೆಸಿ ಮರಿಗಳನ್ನು ಬೆಳೆಸುವ ಹ್ಯಾಚರಿಗಳು ಎದ್ದವು; ಸಾಲ ತಂದು ಕೊಳ ತೋಡಿದವರು ಅಲ್ಲಿಂದ ಮರಿ ಕೊಂಡರು. ಅಷ್ಟರಲ್ಲಿ ಹ್ಯಾಚರಿಗಳಲ್ಲಿ ವಿಚಿತ್ರವಾದ ಪಿಡುಗು ಕಾಣಿಸಿತು. ರಾತ್ರಿ ದೀಪ ಆರಿಸಿದರೆ ತೊಟ್ಟಿಯ ನೀರೇ ಮಂದವಾಗಿ ಹೊಳೆಯುವುದು! ಹೊಳೆಯುತ್ತಿದ್ದದ್ದು ಸಾಯುತ್ತಿದ್ದ ಮರಿಗಳು; ಅವುಗಳ ಮೈಯಲ್ಲಿ ಸೇರಿಕೊಂಡಿದ್ದ ವಿಬ್ರಿಯೊ ಹಾರ್ವೆಯಿ ಎಂಬ ಬೆಳಕು ಬೀರುವ ಬ್ಯಾಕ್ಟೀರಿಯ.

ಹ್ಯಾಚರಿಯವರು ಪ್ರತಿಜೈವಿಕ ಔಷಧಗಳನ್ನು ತೊಟ್ಟಿಗೆ ಸುರಿದರು. ಕೆಲವು ಕಾಲ ಗುಣ ಕಂಡಿತು, ಬಳಿಕ ಇಲ್ಲ. ಔಷಧಕ್ಕೆ ಬಗ್ಗದ ವಿಬ್ರಿಯೊಗಳಿಂದಲೇ ಮರಿಗಳು ಸಾಮೂಹಿಕವಾಗಿ ಸಾಯುತ್ತಿವೆಯೆಂದು ಕರುಣಾಸಾಗರ್ ದಂಪತಿಗಳೂ ಅವರ ಜೊತೆಗಾರರೂ 1994ರಲ್ಲಿ ‘ಅಕ್ವಾಕಲ್ಚರ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಸೀಗಡಿ ಬೆಳೆಯುವ ದೇಶಗಳಿಗೆಲ್ಲ ಇದೇ ಸಂಕಟವಿದ್ದುದರಿಂದ ಆ ಲೇಖನವನ್ನು ಎಲ್ಲ ಕಡೆಯ ಸಂಶೋಧಕರೂ ಓದಿದರು, ಹೆಸರಿಸಿದರು.

ರೋಗದ ಕಾರಣ ಹೇಳಿದರೆ ಅರ್ಧ ಕೆಲಸ, ಮದ್ದು ಹುಡುಕಬೇಡವೇ? ಮಂಗಳೂರಿನ ತಂಡ ಬ್ಯಾಕ್ಟೀರಿಯಗಳನ್ನು ತಿಂದು ಬದುಕುವ ವೈರಸ್ಸುಗಳ ಕಡೆಗೆ ತಿರುಗಿತು. ಇವಕ್ಕೆ ಫೇಜ್ ಎಂದು ಹೆಸರು. ಗಂಗೆ ಯಮುನೆಗಳ ನೀರಿನಲ್ಲಿ ಕಾಲರಾ ರೋಗಾಣುಗಳು ಸಾಯುತ್ತವೆಂದು ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ 1896ರಲ್ಲಿಯೇ ಬರೆದಿದ್ದನು; ಅದರ ಹಿಂದೆ ಇಂಥ ವೈರಸ್ಸುಗಳೇ ಇದ್ದಿರಬೇಕೆಂದು ಬಳಿಕದವರು ಊಹಿಸಿದರು. ವಿಬ್ರಿಯೊ ಹಾರ್ವೆಯಿ ಕಾಲರಾ ರೋಗಾಣುವಿನ ದಾಯಾದಿ. ಅದನ್ನು ಕೊಲ್ಲುವ ಫೇಜನ್ನು ಬೇರ್ಪಡಿಸಿ, ರೋಗ ಹೊಕ್ಕಿದ್ದ ಹ್ಯಾಚರಿಯ ತೊಟ್ಟಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಏನೂ ಮಾಡದೆ ಬಿಟ್ಟ ತೊಟ್ಟಿಯಲ್ಲಿ ನೂರಕ್ಕೆ 17 ಮರಿಗಳು ಉಳಿದವು. ಪ್ರತಿಜೈವಿಕ ಔಷಧ ಹಾಕಿದಲ್ಲಿ 40. ಫೇಜ್ ಬಿಟ್ಟಲ್ಲಿ 86. ಈ ಮೂರು ಅಂಕಿಗಳ ಅರ್ಥವನ್ನು ಸಾಲ ಮಾಡಿ ಮರಿ ಕೊಳ್ಳುವ ಕೃಷಿಕನಿಗೆ ವಿವರಿಸಬೇಕಾಗಿಲ್ಲ.

ಇಷ್ಟೇ ಅಲ್ಲ. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗದ ವೈರಸ್ಸು ಪೂರ್ವ ಕರಾವಳಿಯ ಸೀಗಡಿ ಕೊಳಗಳನ್ನು ಬರಿದು ಮಾಡಿತು. ಅದನ್ನು ಪಿ.ಸಿ.ಆರ್. ಪರೀಕ್ಷೆಯಿಂದ ಗುರುತಿಸಿ, ಕೊಳದ ಸೀಗಡಿಯಲ್ಲಷ್ಟೇ ಅಲ್ಲದೆ ಕಡಲಿನಿಂದ ಹಿಡಿದ ಸೀಗಡಿ ಏಡಿಗಳಲ್ಲೂ ಅದು ಇದೆಯೆಂದು ಮಂಗಳೂರಿನವರು 1999ರಲ್ಲಿ ವರದಿ ಮಾಡಿದರು. ಮರಿಗಳನ್ನು ಕೊಳಕ್ಕೆ ಬಿಡುವ ಮುನ್ನವೇ ಪರೀಕ್ಷಿಸಿ ನೋಡುವ ಎಚ್ಚರ ಇಂಥ ಕೆಲಸಗಳಿಂದ ಬೆಳೆಯಿತು. 2005ರಲ್ಲಿ ನೈಋತ್ಯ ಕರಾವಳಿಯ ಎರಡು ಅಳಿವೆಗಳ ಸಿಂಪಿಗಳಲ್ಲಿ, ಋತುವಿನಿಂದ ಋತುವಿಗೆ, ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ರೋಗಾಣು ಎಷ್ಟಿರುತ್ತದೆಂದು ಎಣಿಸಿ ಪ್ರಕಟಿಸಿದರು. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಮೀನು ತಿಂದ 20 ಜನರನ್ನು ಕೊಂದು ಲೋಕಕ್ಕೆ ಪರಿಚಯವಾದ ರೋಗಾಣು ಅದು. ಅನಂತರದ ವರ್ಷಗಳಲ್ಲಿ ಡಾ. ಇಡ್ಯಾ ಕರುಣಾಸಾಗರ್ ರೋಮ್ ನಗರದಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಮೀನಿನ ಸುರಕ್ಷತೆಯನ್ನು ನೋಡಿಕೊಳ್ಳುವ ಹಿರಿಯ ಅಧಿಕಾರಿಯಾದರು, ಡಾ. ಇಂದ್ರಾಣಿ ಮಂಗಳೂರಿನಲ್ಲಿ ಮೊದಲು ಮೀನುಗಾರಿಕೆ ಕಾಲೇಜಿನಲ್ಲೂ ಬಳಿಕ ನಿಟ್ಟೆ ವಿಶ್ವವಿದ್ಯಾಲಯದಲ್ಲೂ ಸಂಶೋಧನೆ ಮುಂದುವರಿಸಿದರು.

ಒಂದೇ ಅಂಕಿಯ ಆಸೆ

ಇಷ್ಟೆಲ್ಲ ಕೆಲಸವನ್ನು ಒಂದು ಅಂಕಿಯಲ್ಲಿ ಹಿಡಿದಿಡಲು ಸಾಧ್ಯವೇ? ಸಾಧ್ಯವೆಂದು 2005ರಲ್ಲಿ ಕ್ಯಾಲಿಫೋರ್ನಿಯದ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಒಂದು ಸೂತ್ರ ಮುಂದಿಟ್ಟನು. ಇದಕ್ಕೆ ಎಚ್-ಸೂಚ್ಯಂಕ ಎಂದು ಹೆಸರು. ಲೆಕ್ಕ ಮಕ್ಕಳಿಗೂ ತಿಳಿಯುವಂಥದು. ಒಬ್ಬನು ಐದು ಲೇಖನ ಬರೆದಿದ್ದಾನೆ, ಅವನ್ನು ಇತರರು ಅನುಕ್ರಮವಾಗಿ 10, 8, 5, 4 ಮತ್ತು 3 ಬಾರಿ ಉಲ್ಲೇಖಿಸಿದ್ದಾರೆ ಎಂದಿಟ್ಟುಕೊಂಡರೆ, ತಲಾ ನಾಲ್ಕು ಬಾರಿಗೆ ಕಡಿಮೆಯಿಲ್ಲದಂತೆ ಉಲ್ಲೇಖಗೊಂಡ ಲೇಖನಗಳು ನಾಲ್ಕು. ಅವನ ಸೂಚ್ಯಂಕ 4. ಐದಾಗಬೇಕಾದರೆ ಐದು ಲೇಖನಗಳೂ ತಲಾ ಐದು ಬಾರಿಯಾದರೂ ಉಲ್ಲೇಖಗೊಳ್ಳಬೇಕು. ಸುಮ್ಮನೆ ರಾಶಿ ಬರೆದರೂ ಸಾಲದು, ಒಂದೇ ಬಾಣದಲ್ಲಿ ಹೆಸರು ಮಾಡಿದರೂ ಸಾಲದು; ಎರಡೂ ಕೂಡಿರಬೇಕು.

ಸೂತ್ರ ಜಾಣತನದ್ದೇ. ಆದರೆ ಬಟಾಣಿ ಗಿಡಗಳಿಂದ ಆನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲನ ಲೇಖನ 1866ರಲ್ಲಿ ಅಚ್ಚಾಗಿ, 1900ರ ತನಕ ಹೆಚ್ಚುಕಡಿಮೆ ಯಾರ ಕಣ್ಣಿಗೂ ಬೀಳಲಿಲ್ಲ. ಅವನು ಬದುಕಿದ್ದಾಗ ಈ ಲೆಕ್ಕ ಹಾಕಿದ್ದರೆ ಯಾವ ಸಂದರ್ಶನ ಸಮಿತಿಯೂ ಅವನಿಗೆ ಕೆಲಸ ಕೊಡುತ್ತಿರಲಿಲ್ಲ. ತಪ್ಪೆಂದು ಖಂಡಿಸುವ ಸಲುವಾಗಿ ಹೆಸರಿಸಿದರೂ ಅದು ಉಲ್ಲೇಖವೇ. ಸ್ನೇಹಿತರು ಪರಸ್ಪರ ಹೆಸರಿಸಿಕೊಂಡರೂ ಉಲ್ಲೇಖವೇ. ಸಾವಿರಾರು ಮಂದಿ ದುಡಿಯುವ ವೈದ್ಯಶಾಸ್ತ್ರದಲ್ಲಿ ನೂರು ಉಲ್ಲೇಖ ಬೇಗ ಕೂಡುತ್ತದೆ. ಕಡಲಿನ ಹುಳುವೊಂದರ ಜಾತಿ ಗುರುತಿಸುವವನನ್ನು ಓದುವವರು ಲೋಕದಲ್ಲಿ ಹತ್ತು ಜನ ಇದ್ದರೆ ಹೆಚ್ಚು.

ಹೆಮ್ಮಿಗೆ ಬರಿಯ ‘ಹೆಚ್’ ಆದಾಗ

ಇವೆಲ್ಲಕ್ಕಿಂತ ಮೊದಲು ಬರುವ ತೊಡಕೊಂದಿದೆ. ಋಣ ಯಾರದೆಂದು ತಿಳಿಯದೆ ಲೆಕ್ಕ ಬರೆಯುವುದು ಹೇಗೆ? ಹೆಸರೇ ಗೊಂದಲವಾದರೆ?

ಕರುಣಾಸಾಗರ್ ದಂಪತಿಗಳ ವಿಷಯವನ್ನೇ ನೋಡಬಹುದು. ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್. ಉಲ್ಲೇಖದ ಪಟ್ಟಿಗಳಲ್ಲಿ ಮನೆತನದ ಹೆಸರನ್ನು ಪೂರ್ತಿಯಾಗಿಯೂ ಸ್ವಂತ ಹೆಸರಿನ ಮೊದಲಕ್ಷರವನ್ನು ಮಾತ್ರವೂ ಬರೆಯುವುದು ರೂಢಿ. ಆಗ ಇಬ್ಬರೂ ಒಂದೇ: ‘ಕರುಣಾಸಾಗರ್ ಇ.’ ಇಂಗ್ಲಿಷಿನಲ್ಲಿ ಬರೆದರೂ ಅಕ್ಷರ ಬೇರೆಯಾಗುವುದಿಲ್ಲ. ಅವರ ಬಹುಪಾಲು ಲೇಖನಗಳಲ್ಲಿ ಇಬ್ಬರ ಹೆಸರೂ ಇರುವುದರಿಂದ, ಒಂದೇ ಲೇಖನದ ಒಂದೇ ಸಾಲಿನಲ್ಲಿ ‘ಕರುಣಾಸಾಗರ್ ಇ., ಕರುಣಾಸಾಗರ್ ಇ.’ ಎಂದು ಎರಡು ಸಲ ಬರುತ್ತದೆ. ಅರಿಯದವನು ಅಚ್ಚಿನ ತಪ್ಪೆಂದು ಒಂದನ್ನು ಹೊಡೆದುಹಾಕಿದರೆ ಆಶ್ಚರ್ಯವಿಲ್ಲ! ಸಾವಿರಾರು ಉಲ್ಲೇಖಗಳಲ್ಲಿ ಗಂಡನದು ಯಾವುದು, ಹೆಂಡತಿಯದು ಯಾವುದು? ಯಂತ್ರಕ್ಕೆ ಅದು ತಿಳಿಯದು. ಇಂಥ ಗೊಂದಲದಲ್ಲಿ ಪತಿಯ ಹೆಸರು ಮೇಲೆದ್ದು ಪತ್ನಿಯ ದುಡಿಮೆ ಮಸಕಾಗುವ ಅಪಾಯವೂ ಇಲ್ಲದಿಲ್ಲ.

ಇನ್ನು ಹಳೆಯ ಮೈಸೂರಿನ ಹೆಸರುಗಳ ಪಾಡು ಬೇರೆ. ಕಪಿಲೆ ಕಾವೇರಿಗಳು ಕೂಡುವ ತಿರುಮಕೂಡಲು ನರಸೀಪುರದ ಸೀಮೆಯಲ್ಲಿ, ತಲಕಾಡಿನ ಮರಳಿಗೆ ದೂರವಿಲ್ಲದಂತೆ ಹೆಮ್ಮಿಗೆ ಎಂಬ ಊರಿದೆ. ಆ ಊರಿನಿಂದ ಹೊರಟ ಮನೆತನಗಳವರು ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿ, ಕಡಲಾಚೆಗೆ ಹೋದ ಮೇಲೂ ಊರಿನ ಹೆಸರನ್ನು ಬಿಟ್ಟವರಲ್ಲ. ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು: ಇದು ಈ ಕಡೆಯ ಕ್ರಮ. ಮನುಷ್ಯ ತನ್ನನ್ನು ಕೊನೆಗಿಟ್ಟುಕೊಳ್ಳುವ ವಿನಯವೂ ಅದರಲ್ಲಿದೆ. ಊರಿನಲ್ಲಿದ್ದಾಗ ಹೆಮ್ಮಿಗೆ ಬರಿಯ ಒಂದು ‘ಹೆಚ್.’ ಆಗಿ ಹೆಸರಿನ ಹಿಂದೆ ಅಡಗಿರುತ್ತದೆ. ಆದರೆ ಪರದೇಶದ ಅರ್ಜಿ ನಮೂನೆ ಕೇಳುವುದು ಮನೆತನದ ಹೆಸರನ್ನು. ಅಲ್ಲಿ ಕೆಲವರು ಊರನ್ನೇ ಬರೆಯುತ್ತಾರೆ, ಕೆಲವರು ತಂದೆಯ ಹೆಸರನ್ನು, ಕೆಲವರು ತಮ್ಮ ಸ್ವಂತ ಹೆಸರನ್ನು. ಮೈಸೂರಿನಲ್ಲಿದ್ದಾಗ ಬರೆದ ಲೇಖನ ಸ್ವಂತ ಹೆಸರಿನ ಕೆಳಗೆ, ಅಮೆರಿಕದಲ್ಲಿ ಬರೆದದ್ದು ‘ಹೆಮ್ಮಿಗೆ’ಯ ಕೆಳಗೆ! ಒಬ್ಬ ಸಂಶೋಧಕ ಸೂಚಿಯಲ್ಲಿ ಇಬ್ಬರಾಗಿ ಒಡೆದು, ಇಬ್ಬರೂ ಬಡವರಾಗುತ್ತಾರೆ. ಅದಕ್ಕೆ ಪ್ರತಿಯಾಗಿ, ಅದೇ ಊರಿನ ಬೇರೆ ಬೇರೆ ಮನೆಯವರು ಒಂದೇ ಮೊದಲಕ್ಷರದಿಂದಾಗಿ ಒಬ್ಬರೇ ಆಗಿ ಕೂಡಿಬಿಡುವುದೂ ಉಂಟು.

ಹೆಸರಾಂತ ವಿಜ್ಞಾನಿಗಳ ಹೆಸರಿನಲ್ಲೂ ಊರುಗಳೇ ತುಂಬಿವೆ. ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ‘ಸಿ’ ಚಿಂತಾಮಣಿ. ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ ಅವರ ‘ಯು’ ಉಡುಪಿ, ಸಸ್ಯವಿಜ್ಞಾನಿ ಹೆಚ್.ವೈ. ಮೋಹನ್ ರಾಮ್ ಅವರ ‘ಹೆಚ್’ ಹೊಳೆನರಸೀಪುರ. ‘ರಾವ್’ ಎಂಬ ಒಂದು ಪದದಡಿಯಲ್ಲಿ ಸೂಚಿಯಲ್ಲಿ ಸೇರುವ ಜನಸಾಗರವನ್ನು ಯಾರು ಬೇರ್ಪಡಿಸಬಲ್ಲರು?

ಈ ಕಷ್ಟವನ್ನು ಬಹು ಹಿಂದೆಯೇ ಕಂಡವರು ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಎಸ್.ಆರ್. ರಂಗನಾಥನ್. ಅವರ ‘ಎಸ್’ ಕೂಡ ಊರೇ: ಶಿಯಾಳಿ. ಪುಸ್ತಕಗಳನ್ನೂ ಅವುಗಳ ಬಳಕೆಯನ್ನೂ ಗಣಿತದಿಂದ ಅಳೆಯುವ ಶಾಸ್ತ್ರವೊಂದು ಬೇಕೆಂದು 1948ರಲ್ಲಿ ಅವರು ಸೂಚಿಸಿದ್ದರು. ಭಾರತೀಯ ಹೆಸರುಗಳಲ್ಲಿ ಯಾವ ಭಾಗವನ್ನು ಮೊದಲಿಟ್ಟು ಸೂಚಿ ಬರೆಯಬೇಕೆಂಬುದಕ್ಕೆ ತಮ್ಮ ಸೂಚೀಕರಣ ಸಂಹಿತೆಯಲ್ಲಿ ನಿಯಮಗಳನ್ನು ಕೊಟ್ಟಿದ್ದರು. ಬಾಳಿನ ಕೊನೆಯ ಭಾಗವನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿಯೇ ದಾಖಲೀಕರಣದ ಸಂಶೋಧನ ಕೇಂದ್ರವನ್ನು ಆರಂಭಿಸಿ, 1972ರಲ್ಲಿ ತೀರಿಕೊಂಡರು. ಕೊನೆಗೆ 2012ರಲ್ಲಿ ಆರ್ಕಿಡ್ ಎಂಬ ಏರ್ಪಾಡು ಬಂದು, ಪ್ರತಿಯೊಬ್ಬ ಸಂಶೋಧಕನಿಗೂ ಹದಿನಾರು ಸ್ಥಾನಗಳ ಸಂಖ್ಯೆಯೊಂದನ್ನು ಕೊಡತೊಡಗಿತು. ಹೆಸರಿನಿಂದ ಆಗದ ಕೆಲಸವನ್ನು ಸಂಖ್ಯೆ ಮಾಡಬೇಕಾಯಿತು.

ಲೆಕ್ಕಕ್ಕೆ ಬಾರದ ಋಣ

ಹೆಸರು ಸರಿಹೋಯಿತೆನ್ನೋಣ. ಆಮೇಲೂ ಕಡಲಿನ ವಿದ್ಯೆಯಲ್ಲಿ ಎಣಿಕೆಗೆ ಸಿಗದ ಋಣಗಳು ಬಹಳ.

ಬಂಗುಡೆ ಮೀನಿನ ಶಾಸ್ತ್ರೀಯ ನಾಮವನ್ನು ಕುವ್ಯೆ ಎಂಬ ಫ್ರೆಂಚ್ ವಿಜ್ಞಾನಿ 1816ರಲ್ಲಿ ಕೊಟ್ಟನು. ಬೂತಾಯಿಗೆ ವಾಲೆನ್ಸಿಯೆನ್ ಎಂಬವನು 1847ರಲ್ಲಿ. ಈ ಮೀನುಗಳನ್ನು ಕುರಿತ ಲೇಖನಗಳಲ್ಲೆಲ್ಲ ಆ ಹೆಸರುಗಳನ್ನು ಬಳಸಲೇಬೇಕು; ಆದರೆ ಅವರ ಗ್ರಂಥವನ್ನು ಉಲ್ಲೇಖಿಸುವವರು ವಿರಳ. ದಿನವೂ ಕೂಗಿ ಕರೆಯುವ ಹೆಸರನ್ನು ಇಟ್ಟವರಾರೆಂದು ಯಾರೂ ಕೇಳುವುದಿಲ್ಲ. ಮಂಗಳೂರು ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1920ರ ದಶಕದಲ್ಲಿ, ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು ಎಂಬಿಬ್ಬರು ಬೂತಾಯಿಯ ಬಾಳಿನ ಕ್ರಮವನ್ನು ಕುರಿತು ಬರೆದರು. ಒಂದು ವರ್ಷ ಬಲೆ ಹರಿಯುವಷ್ಟು ಬರುವ ಬೂತಾಯಿ ಇನ್ನೊಂದು ವರ್ಷ ಮಾಯವಾಗುವುದೇಕೆ ಎಂದು ಇಂದಿಗೂ ಚರ್ಚಿಸುವವರು ಆ ಹಳೆಯ ವರದಿಗೆ ಮರಳುತ್ತಾರೆ. ಆದರೆ ಪತ್ರಿಕೆಗಳ ಹಿರಿಮೆಯನ್ನು ಅಳೆಯುವ ಪ್ರಸಿದ್ಧವಾದ ಪ್ರಭಾವಾಂಕ ಲೆಕ್ಕಕ್ಕೆ ಹಿಡಿಯುವುದು ಹಿಂದಿನ ಎರಡು ವರ್ಷಗಳ ಲೇಖನಗಳನ್ನು ಮಾತ್ರ! ನೂರು ವರ್ಷ ಬಾಳುವ ಮರವನ್ನು ಎರಡು ವರ್ಷದ ಫಸಲಿನಿಂದ ಅಳೆದಂತೆ.

ಅಂಕಿ ಅಧಿಕಾರವಾದಾಗ ಅದರ ಬೆನ್ನು ಹತ್ತುವವರೂ ಹುಟ್ಟುತ್ತಾರೆ. ಒಂದು ಶೋಧವನ್ನು ನಾಲ್ಕು ತುಂಡು ಮಾಡಿ ನಾಲ್ಕು ಲೇಖನ ಬರೆಯುವುದು, ಬೇಕಿರಲಿ ಬೇಡವಿರಲಿ ತಮ್ಮ ಹಳೆಯ ಲೇಖನಗಳನ್ನೇ ಹೆಸರಿಸುವುದು, ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳಿಗೆ ಮೊರೆಹೋಗುವುದು: ಇವೆಲ್ಲ ಈಗ ಲೋಕಕ್ಕೆ ತಿಳಿದ ರೋ‍ಗಗಳು. ಪತ್ರಿಕೆಯ ಪ್ರಭಾವಾಂಕವನ್ನು ನೋಡಿ ಸಂಶೋಧಕನ ಬೆಲೆ ಕಟ್ಟಬೇಡಿರೆಂದು 2012ರಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಸೇರಿದ ವಿಜ್ಞಾನಿಗಳೂ ಸಂಪಾದಕರೂ ಘೋಷಣೆ ಹೊರಡಿಸಿದರು. ಬರಹವನ್ನು ಓದಿ ನಿರ್ಣಯಿಸಿರಿ ಎಂಬುದೇ ಅದರ ಸಾರ. ಓದಬೇಕಾದ್ದನ್ನು ಓದಿರಿ ಎಂದು ಪಂಡಿತರಿಗೆ ಘೋಷಣೆಯ ಮೂಲಕ ಹೇಳಬೇಕಾಗಿ ಬಂದುದು ಕಾಲದ ವೈಚಿತ್ರ್ಯ.

ಹಾಗೆಂದು ಎಣಿಕೆಯನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ಸರಿಯಲ್ಲ. ಶಿಫಾರಸು, ಪರಿಚಯ, ದೊಡ್ಡ ಸಂಸ್ಥೆಯ ಹೆಸರು ಇವುಗಳ ಬಲವಿಲ್ಲದ ಊರಿನಲ್ಲಿ ಕುಳಿತು ದುಡಿಯುವವರಿಗೆ ಉಲ್ಲೇಖದ ಲೆಕ್ಕ ಒಂದು ಬಗೆಯ ನ್ಯಾಯವನ್ನೂ ಒದಗಿಸಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಕೆಲಸವನ್ನು ಪರದೇಶದ ಪ್ರಯೋಗಾಲಯಗಳು ಆಧಾರವಾಗಿ ಹಿಡಿದಿವೆಯೆಂಬುದು ಯಾರ ಹೊಗಳಿಕೆಯೂ ಇಲ್ಲದೆ ಆ ಪಟ್ಟಿಗಳಿಂದಲೇ ಗೊತ್ತಾಗುತ್ತದೆ. ದಾರಿಹೋಕನಿಗೆ ಮೈಲಿಗಲ್ಲು ಬೇಕು. ಮೈಲಿಗಲ್ಲನ್ನೇ ಊರೆಂದು ತಿಳಿದು ಅಲ್ಲಿ ಬಿಡಾರ ಹೂಡಬಾರದು, ಅಷ್ಟೆ.

ವಿಜ್ಞಾನಿಗೆ ವಿಜ್ಞಾನಿಯಿಂದ ಬರಬೇಕಾದ ಋಣವನ್ನು ಸೂಚಿ ಬರೆದಿಡುತ್ತದೆ. ಹ್ಯಾಚರಿಯ ತೊಟ್ಟಿಯಲ್ಲಿ ಬದುಕುಳಿದ ಮರಿಗಳು ಯಾವ ಲೇಖನವನ್ನೂ ಉಲ್ಲೇಖಿಸುವುದಿಲ್ಲ. ಸಾಲ ತೀರಿಸಿದ ಕೃಷಿಕನು ಅಡಿಟಿಪ್ಪಣಿ ಬರೆಯುವುದಿಲ್ಲ. ತುಟಿ ಜುಮ್ಮೆಂದ ರೋಗಿಯನ್ನು ಕಂಡ ಕೂಡಲೇ ಇದು ಚಿಪ್ಪುಮೀನಿನ ವಿಷವಿರಬಹುದೆಂದು ಊಹಿಸಿ ಉಸಿರಾಟದ ಯಂತ್ರಕ್ಕೆ ಹೇಳಿಕಳಿಸುವ ವೈದ್ಯನಿಗೆ, ತನಗೆ ಆ ಅರಿವು ಯಾರ ಬರಹದಿಂದ ಹರಿದುಬಂತೆಂದು ನೆನೆಯಲು ಆ ಹೊತ್ತಿನಲ್ಲಿ ಬಿಡುವಿರುವುದಿಲ್ಲ.

ಕುಂಬಳೆಯ ಆ ಬಾಲಕನ ಹೆಸರು ಯಾವ ಸೂಚಿಯಲ್ಲೂ ಇಲ್ಲ. ಆದರೆ 1984ರ ಆ ಮೂರು ಪುಟಗಳನ್ನು ಯಾರು ಯಾವ ದೇಶದಲ್ಲಿ ಹೆಸರಿಸಿದರೂ, ಅವರು ತಿಳಿಯದೆಯೇ ಅವನನ್ನೂ ನೆನೆದಂತಾಗುತ್ತದೆ. ನೀರು ಇಳಿದಾಗ ಬುಟ್ಟಿ ಹಿಡಿದು ಅಳಿವೆಗೆ ಇಳಿಯುವ ಮತ್ತೊಬ್ಬ ಬಾಲಕ ಸಂಜೆ ಉಂಡು ನಿಶ್ಚಿಂತೆಯಿಂದ ಮಲಗಿದನೆಂದರೆ, ಕಡಲ ವಿಜ್ಞಾನಿಯ ಬೆಲೆ ಅಲ್ಲಿ ಸಂದಿತು.